ತೂಕದಣ್ಣನ ಜೊತೆ ಭಾನುವಾರದ ಬಸ್ಸು ಹತ್ತಿದ್ದು

ಹೋದ ವಾರ ಮಂಜೂರಿನ ರಸ್ತೆಯಲ್ಲಿ ಟೀ ಎಲೆಯ ಲಾರಿಯೊಂದು ಕೆಟ್ಟು ನಿಂತಿತ್ತು. ಬಿಗಿಯಾಗಿ ತುಂಬಿದ ಚೀಲಗಳು ಬಿಸಿಲಿಗೆ ಒಳಗೊಳಗೇ ಕಾವು ಏರಿ, ಹುಳಿ ಬೆರೆತ ಬೆಚ್ಚನೆಯ ವಾಸನೆ ಬಿಡುತ್ತಿದ್ದವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತೂಕದಣ್ಣ ನೆನಪಾದರು...

ಅದು ತೊಂಬತ್ತರ ದಶಕದ ಕೊನೆ. ನಾನು ಗುಂಡ್ಲುಪೇಟೆ ಕಡೆಯಿಂದ ಬಂದು ನೀಲಗಿರಿಯ ಕುಂದಾ ಬಳಿಯ ಒಂದು ಟೀ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದೆ. ಅವರು ಪಕ್ಕದ ಹಟ್ಟಿಯವರು, ಅಲ್ಲಿನ ಬಡಗ ಜನಾಂಗದವರು. ಬೆಳೆಗಾರರು ತರುವ ಎಲೆಯನ್ನು ಶೆಡ್ಡಿನಲ್ಲಿ ತೂಗಿ ಫ್ಯಾಕ್ಟರಿಗೆ ಕಳಿಸುವುದು ಅವರ ಕೆಲಸ. ತೂಗುವ ಮೊದಲು ಪ್ರತಿ ಚೀಲಕ್ಕೂ ಮೊಣಕೈವರೆಗೆ ಕೈ ತೂರಿಸಿ, ನಡುವಿನ ಎಲೆ ಬಿಸಿಯಾಗಿದೆಯೇ ಎಂದು ನೋಡುತ್ತಿದ್ದರು. ಮೇಲೆ ಹಸಿರಾಗಿ ಕಂಡರೆ ಸಾಲದು ಎಂಬುದು ಅವರ ವಾದ.

ನಾನಾಗ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವ ಹಂತಕ್ಕೆ ಬಂದಿದ್ದೆ. ಚಳಿಗೆ ಎಂದು ಶುರುವಾದದ್ದು, ಆಮೇಲೆ ಬಿಸಿಲಿಗೂ ಬೇಕಾಯಿತು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿ ಆರು ತಿಂಗಳಾಗಿತ್ತು. ಬಾಯಲ್ಲಿ ಸದಾ ಏಲಕ್ಕಿ ಇಟ್ಟುಕೊಂಡು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಕೈ ನಡುಗುವ ಫಿಟ್ಟರನ್ನು ಯಾವ ಫ್ಯಾಕ್ಟರಿಯವರೂ ಇಟ್ಟುಕೊಳ್ಳುವುದಿಲ್ಲ. ಕೆಲಸವೂ ಹೋದರೆ ಹೆಂಡತಿ ವಾಪಸ್ ಬರುವ ಮಾತೇ ಇರಲಿಲ್ಲ.

ಒಂದು ಶನಿವಾರ ತೂಕದ ಯಂತ್ರ ಸರಿಮಾಡಲು ಶೆಡ್ಡಿಗೆ ಹೋದೆ. ಅವರು ನನ್ನ ಮುಖ ನೋಡಿ, ತಮ್ಮ ಬಡಗ ಮಾತಿಗೆ ನನ್ನ ಕನ್ನಡ ಬೆರೆಸಿ ಮೆಲ್ಲಗೆ ಅಂದರು: “ತಮ್ಮ, ನೀ ಒಳಗೇ ಬಿಸಿಯಾಗ್ತಾ ಇದ್ದೀಯ. ನಾನೂ ಹಂಗೇ ಇದ್ದೆ. ನಾಳೆ ಊಟಿಗೆ ಬಾ.”

ಊಟಿಯ ಒಂದು ಚರ್ಚಿನ ಹಿಂದಿನ ಕೋಣೆ. ಕುಡಿತ ಬಿಡಲು ಹೊರಟವರು ಭಾನುವಾರ ಮಧ್ಯಾಹ್ನ ಅಲ್ಲಿ ಸೇರುತ್ತಿದ್ದರು. ತೂಕದಣ್ಣನಿಗೆ ಆಸ್ಪತ್ರೆಯ ನರ್ಸೊಬ್ಬರು ಆ ಜಾಗದ ಚೀಟಿ ಬರೆದುಕೊಟ್ಟಿದ್ದರಂತೆ. ಒಳಗೆ ಪ್ರಾರ್ಥನೆ ನಡೆಯುತ್ತಿರಬೇಕೆಂದು ಸಂಕೋಚಪಟ್ಟು, ಮೂರು ವಾರ ಚರ್ಚಿಗೆ ಬರೀ ಪ್ರದಕ್ಷಿಣೆ ಹಾಕಿ ಬಸ್ಸು ಹತ್ತಿದ್ದರಂತೆ. ಇದನ್ನು ಹೇಳಿ ತಾವೇ ನಕ್ಕರು.

ಒಳಗೆ ಎಂಟು ಹತ್ತು ಜನ, ಮರದ ಬೆಂಚು, ಹಾಲಿಲ್ಲದ ಟೀ. ಒಬ್ಬೊಬ್ಬರೇ ಎದ್ದು ತಾನು ಕುಡುಕ ಎಂದು ಒಪ್ಪಿಕೊಂಡು ತನ್ನ ಕಥೆ ಹೇಳಬೇಕು. ಅಲ್ಲಿ ಕೇಳಿದ್ದನ್ನಾಗಲಿ ಕಂಡವರ ಹೆಸರನ್ನಾಗಲಿ ಹೊರಗೆ ಆಡಬಾರದು. ನನ್ನ ಸರದಿ ಬಂದಾಗಲೆಲ್ಲ ನಾನು ತಲೆಯಲ್ಲಾಡಿಸಿ ಕೂತುಬಿಡುತ್ತಿದ್ದೆ. ಕುಡಿತ ಬಿಟ್ಟೆ, ಮತ್ತೆ ಹಿಡಿದೆ, ಮತ್ತೆ ಬಿಟ್ಟೆ... ತೂಕದಣ್ಣ ಒಮ್ಮೆಯೂ ಬೈಯಲಿಲ್ಲ. ಪ್ರತಿ ಭಾನುವಾರ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಟವೆಲ್ ಹಾಕಿ ಕಾಯುತ್ತಿದ್ದರು.

ಅಷ್ಟರಲ್ಲಿ ಹಟ್ಟಿಯಲ್ಲಿ ಸುದ್ದಿ ಹಬ್ಬಿತು: ತೂಕದಣ್ಣ ಚರ್ಚಿಗೆ ಸೇರಿದ್ದಾರೆ, ಫಿಟ್ಟರನ್ನೂ ಸೇರಿಸಿದ್ದಾರೆ. ವಾರ ವಾರ ಚರ್ಚಿನ ಗೇಟು ದಾಟುವವನಿಗೆ ಬೇರೇನು ಕೆಲಸ ಇದ್ದೀತು? ಹಿರಿಯರು ಕೂಟ ಕರೆದರು. ತೂಕದಣ್ಣನ ಮನೆಯವರನ್ನು ಇನ್ನು ಮುಂದೆ ಹಟ್ಟಿಯ ದೇವರ ಕೆಲಸಕ್ಕೆ ಕರೆಯಬೇಕೋ ಬೇಡವೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ಕೂಟ ಸೇರಿದ್ದ ಹುಲ್ಲು ಬಯಲಿನ ಅಂಚಿನಲ್ಲಿ ನಾನು ನಿಂತಿದ್ದೆ.

“ಕುಡಿತ ಬಿಡಕ್ಕೆ ಹೋಗ್ತೀನಿ,” ಅಂದರು ತೂಕದಣ್ಣ.

“ಅದಕ್ಕೆ ಊಟಿ ಯಾಕೆ? ನಮ್ಮ ಹೆತ್ತೆಯಮ್ಮನ ಗುಡಿ ಮುಂದೆ ಆಣೆ ಇಟ್ಟರೆ ಸಾಲದಾ?” ಊರ ಗೌಡರು ಕೇಳಿದರು.

“ಮೂರು ಸಲ ಇಟ್ಟೆ ಗೌಡ್ರೇ. ಮೂರು ಸಲವೂ ಮುರಿದೆ.”

“ಸರಿ. ಆ ಫಿಟ್ಟರು ಯಾಕೆ ಬರ್ತಾನೆ?”

“ಅದ ನಾ ಹೇಳಕ್ಕಾಗಲ್ಲ.”

ಕೂಟದಲ್ಲಿ ಗುಜುಗುಜು ಎದ್ದಿತು. ಹೇಳದೆ ಮುಚ್ಚಿಡುತ್ತಾನೆಂದರೆ ಸುದ್ದಿ ನಿಜವೇ ಇರಬೇಕು ಎಂದು ಒಬ್ಬರು ಅಂದೇಬಿಟ್ಟರು. ತೂಕದಣ್ಣ ನನ್ನ ಕುಡಿತದ ಬಗ್ಗೆ ಒಂದು ಮಾತು ಆಡಿದ್ದರೆ ಅಪವಾದ ಕಳೆಯುತ್ತಿತ್ತು. ಆದರೆ ಅದೇ ಹಟ್ಟಿಯವನಾದ ನಮ್ಮ ಫ್ಯಾಕ್ಟರಿಯ ಮೇಸ್ತ್ರಿ ಎದುರಿಗೇ ಕೂತಿದ್ದ. ಅದನ್ನು ತೂಕದಣ್ಣ ನೋಡಿದ್ದರು, ನಾನೂ ನೋಡಿದ್ದೆ. ಅವರು ಆ ಅಪವಾದವನ್ನು ತಾವೇ ಹೊತ್ತುಕೊಂಡರು. ನನಗೆ ನನ್ನ ಮೇಲೇ ಅಸಹ್ಯವಾಯಿತು.

“ನಾನು ಕುಡುಕ,” ಅಂದೆ. ಆ ಕೋಣೆಯಲ್ಲಿ ನಾಲ್ಕು ತಿಂಗಳು ಬಾರದ ಮಾತು. “ಬೆಳಿಗ್ಗೆ ಎದ್ದು ಕುಡೀತಿದ್ದೆ. ಅಣ್ಣ ನನ್ನನ್ನ ಕರ್ಕೊಂಡು ಹೋಗೋದು ಅದಕ್ಕೇ. ನಾವು ಯಾವ ದೇವರನ್ನೂ ಬದಲಾಯಿಸಿಲ್ಲ.”

ಗೌಡರು ತೂಕದಣ್ಣನತ್ತ ತಿರುಗಿದರು. “ಭಾನುವಾರದ ಬಸ್ಸು ಎಷ್ಟೊತ್ತಿಗೆ?” ಎಂದು ಕೇಳಿ ಎದ್ದುಹೋದರು. ಕೂಟ ಅಷ್ಟಕ್ಕೇ ಮುಗಿಯಿತು. ಫ್ಯಾಕ್ಟರಿಯಲ್ಲಿ ಮೂರು ತಿಂಗಳು ನನ್ನನ್ನು ಯಂತ್ರ ಮುಟ್ಟಗೊಡಲಿಲ್ಲ, ಗೋದಾಮು ಗುಡಿಸಿದೆ, ಆದರೆ ಕೆಲಸ ಉಳಿಯಿತು. ಮುಂದಿನ ಭಾನುವಾರ ಹಟ್ಟಿಯಿಂದ ಇನ್ನಿಬ್ಬರು ಬಸ್ಸು ಹತ್ತಿದರು. ಯಾರೆಂದು ನಾನು ಹೇಳುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಹೆಂಡತಿ ಮಗಳ ಜೊತೆ ಮನೆಗೆ ಬಂದಳು.

ತೂಕದಣ್ಣ ಕುಡಿತ ಬಿಟ್ಟಿದ್ದರೂ ಹಳೆಯ ಕುಡಿತ ಅವರ ಲಿವರನ್ನು ಬಿಟ್ಟಿರಲಿಲ್ಲ. ಕೆಲವು ವರ್ಷಗಳ ನಂತರ ತೀರಿಕೊಂಡರು. ಬಡಗರಲ್ಲಿ ಸತ್ತವರ ತಪ್ಪುಗಳನ್ನು ಹಿರಿಯರೊಬ್ಬರು ಗಟ್ಟಿಯಾಗಿ ಹೇಳಿ, ಅವೆಲ್ಲ ಕಳೆದುಹೋಗಲಿ ಎಂದು ನೆರೆದವರು ದನಿಗೂಡಿಸುವ ಪದ್ಧತಿಯಿದೆ. ನಾನೂ ದನಿಗೂಡಿಸಿದೆ. ಅವರು ತಮ್ಮ ತಪ್ಪನ್ನು ಬದುಕಿದ್ದಾಗಲೇ ವಾರ ವಾರ ಹೇಳಿಕೊಂಡಿದ್ದರು. ನನ್ನ ತಪ್ಪನ್ನು ಮಾತ್ರ, ತಮ್ಮ ಮಾನ ಹೋಗುವ ಹೊತ್ತಿನಲ್ಲೂ, ಬಾಯಿಬಿಡಲಿಲ್ಲ.

ಈಗಲೂ ಭಾನುವಾರ ಹೋಗುತ್ತೇನೆ. ಹೊಸಬರು ತಲೆಯಲ್ಲಾಡಿಸಿ ಕೂತಾಗ ಅವರಿಗೆ ಏನು ಹೇಳಬೇಕೋ ತೋಚದೆ ತೂಕದಣ್ಣನನ್ನು ಹುಡುಕುತ್ತೇನೆ... ಅವರಿಲ್ಲ. ಆ ನೋವು ಇಷ್ಟು ವರ್ಷಗಳಾದರೂ ಕಡಿಮೆಯಾಗಿಲ್ಲ. ಅವರನ್ನು ಮಣ್ಣು ಮಾಡಿ ಬಂದ ಸಂಜೆ ನನಗೆ ಕುಡಿಯಬೇಕು ಅನ್ನಿಸಿತ್ತು. ಕುಡಿಯಲಿಲ್ಲ. ಇವತ್ತೂ ಕುಡಿದಿಲ್ಲ.