ಎಡೆಗೊಂದು ಬರ್ಗರ್

ಜಯಲಕ್ಷ್ಮಮ್ಮ ನೆಟ್ಟಗೆ ಕೂತ್ಕೊಂಡು ಒಂದು ಊಟ ಮಾಡಿದ್ದನ್ನ ನಾನು ನೋಡಿಲ್ಲ ಕಣ್ರೀ. ಬೆಟ್ಟದಪುರದ ಪಕ್ಕ ನಮ್ಮೂರು. ಅಲ್ಲಿ ಸ್ಕೂಲಲ್ಲಿ ಬಿಸಿಯೂಟ ಮಾಡೋರು ನಾವಿಬ್ರೂ. ನಾನು ಪ್ರೇಮಮ್ಮ, ಅವಳಿಗಿಂತ ವಯಸ್ಸಲ್ಲಿ ದೊಡ್ಡೋಳು, ಬಾಯೂ ದೊಡ್ಡದು. ಮಕ್ಕಳಿಗೆ ಬಡ್ಸಿ, ಮೇಷ್ಟ್ರಿಗೆ ಬಡ್ಸಿ ನಾನು ತಟ್ಟೆ ಹಾಕ್ಕೊಂಡು ಕೂತ್ರೆ, ಅವಳು ಪಾತ್ರೆ ತಳದಲ್ಲಿ ಅಂಟಿರೋದನ್ನ ಕೆರ್ಕೊಂಡು ನಿಂತೇ ಬಾಯಿಗೆ ಹಾಕ್ಕೊಳ್ಳೋಳು. "ಲೇ ಅಮ್ಮಿ, ನೀನೇನು ಕಾಗೆನಾ? ಕೂತ್ಕೊಂಡು ತಿನ್ನೇ" ಅಂತ ಬಯ್ದ್ರೆ ನಗೋಳು. ಮನೇಲೂ ಅಂಗೇ. ಗಂಡ ನಟರಾಜು ಉಣ್ಬೇಕು, ಮಗಳು ಉಣ್ಬೇಕು, ಮಿಕ್ಕಿದ್ರೆ ಇವಳಿಗೆ. ನಂಗೆ ಇಂಥದ್ದು ತಿನ್ನೋ ಆಸೆ ಆಗದೆ ಅಂತ ಒಬ್ಬರ ಮುಂದೆ ಬಾಯಿ ಬಿಟ್ಟೋಳಲ್ಲ.

ಮಗಳು ಮಧುಶ್ರೀ, ಒಬ್ಬಳೇ. ಹುಣಸೂರಲ್ಲಿ ಬಿ.ಕಾಂ ಓದ್ತಿದ್ಲು. ಬೆಳಗ್ಗೆ ಬಸ್ಸಿಗೆ ಹೋದ್ರೆ ಸಾಯಂಕಾಲದ ಬಸ್ಸಿಗೆ ಮನೆ. ಪಟಪಟಾಂತ ಮಾತಾಡೋ ಹುಡುಗಿ. ಒಂದ್ಸಲ ಕಾಲೇಜಿನೋರ ಜೊತೆ ಮೈಸೂರು ನೋಡೋಕೆ ಹೋಗಿ, ಅದ್ಯಾವುದೋ ಮಾಲ್ ಒಳಗೆ ಬರ್ಗರ್ ತಿಂದು ಬಂದು, ಜಗಲಿ ಮೇಲೆ ಕೂತು ನಮಗೆಲ್ಲ ಅದರ ಪುರಾಣ ಬಿಚ್ಚಿದ್ಲು. ಮೇಲೆ ಎಳ್ಳಂತೆ, ಒಳಗೆ ಕೋಳಿ ವಡೆಯಂತೆ, ಬಿಳೀ ಗೊಜ್ಜಂತೆ, ಕಚ್ಚಿದ್ರೆ ಎರಡೂ ಕಡೆಯಿಂದ ಸುರೀತದಂತೆ. "ನಿಮ್ಮವ್ವ ಮಾಡೋ ಉಪ್ಸಾರಿಗಿಂತ ಚೆನ್ನಾಗಿರ್ತದೇನೇ?" ಅಂತ ನಾನು ರೇಗಿಸಿದ್ದೆ. "ಹೋಗಿ ದೊಡ್ಡವ್ವ, ನಿಮಗೇನು ಗೊತ್ತು" ಅಂತ ನನ್ನ ಬಾಯೇ ಮುಚ್ಚಿಸಿದ್ಲು.

ಈ ವರ್ಷ ಶಿವರಾತ್ರಿ ಕಳೆದು ಒಂದು ವಾರಕ್ಕೆ ಆ ಮಗು ಹೋಗ್ಬಿಡ್ತು. ಬಿಳಿಕೆರೆ ಹತ್ರ, ಹೈವೇಲಿ. ಬೈಕಿನ ಹಿಂದೆ ಕೂತಿದ್ಲು, ಲಾರಿ ಸವರ್ಕೊಂಡು ಹೋಯ್ತು. ಬೈಕ್ ಓಡಿಸ್ತಿದ್ದೋನು ಯತೀಶ್ ಅಂತ, ಅವಳ ಕ್ಲಾಸಿನ ಹುಡುಗ. ಅವನ ಕಾಲು ಮುರೀತು, ಜೀವ ಉಳೀತು.

ಹೊಟ್ಟೆ ಉರಿಯೋದು ಕೇಳಿ. ಹೆಣ ಮಣ್ಣಿಗೆ ಇಡೋಕೆ ಮುಂಚೆನೇ ಊರಿನೋರು ಗುಸುಗುಸು ಶುರು ಹಚ್ಕೊಂಡ್ರು. ಹುಣಸೂರು ಕಾಲೇಜಿಗೆ ಹೋದ ಹುಡುಗಿ ಬಿಳಿಕೆರೇಲಿ ಯಾಕೆ ಬಿದ್ದಿದ್ಲು? ಹುಣಸೂರು ದಾಟಿ ಮೈಸೂರು ದಾರೀಲಿ ಅವಳಿಗೇನು ಕೆಲಸ? ಅದೂ ಹುಡುಗನ ಬೈಕಲ್ಲಿ? ಪೊಲೀಸ್ನೋರು ಅವಳ ಬ್ಯಾಗ್ ತಂದು ಕೊಟ್ರು. ಪುಸ್ತಕದ ಜೊತೆ ಒಂದು ಬರ್ಗರ್ ಪೊಟ್ಟಣ, ಜಜ್ಜಿ ಹೋಗಿತ್ತು. ಸರಿ, ಅಷ್ಟೇ ಸಾಕಾಯ್ತು. ಹುಡುಗನ ಜೊತೆ ತಿರುಗೋಕೆ, ತಿನ್ನೋಕೆ ಹೋಗಿದ್ಲು, ದೇವರು ತೋರಿಸ್ದ ಅಂದ್ರು. ಆಡೋ ಬಾಯಿಗೆ ಬೀಗ ಹಾಕೋರು ಯಾರು?

ನಟರಾಜು ಕೆಟ್ಟೋನಲ್ಲ. ಮಗಳು ಅಂದ್ರೆ ಪ್ರಾಣ ಬಿಡ್ತಿದ್ದ. ಆದ್ರೆ ಮರ್ವಾದೆ ಅನ್ನೋದು ಅವನಿಗೆ ಅನ್ನಕ್ಕಿಂತ ಹೆಚ್ಚು. ಊರಿನೋರ ಮಾತು ಕಿವಿಗೆ ಬಿದ್ದ ದಿನದಿಂದ ಮಗಳ ಹೆಸರು ಎತ್ತಲಿಲ್ಲ. ಫೋಟೊ ಗೋಡೆ ಕಡೆಗೆ ತಿರುಗಿಸಿಟ್ಟ. ಕಾಲಿನ ಪಟ್ಟಿ ಬಿಚ್ಚಿದ ಮೇಲೆ ಯತೀಶ್ ಕೋಲೂರ್ಕೊಂಡು ಅವರ ಮನೆ ಬಾಗಿಲಿಗೆ ಬಂದಿದ್ದ. "ಅಂಕಲ್, ಒಂದು ಮಾತು ಹೇಳ್ಬೇಕು" ಅಂದ. ನಟರಾಜು ಮಚ್ಚು ತಗೊಂಡು ಎದ್ದ. ಪಾಪ, ಆ ಹುಡುಗ ಕುಂಟ್ಕೊಂಡು ವಾಪಸ್ ಹೋದ. ನಾನು ನಮ್ಮ ಮನೆ ಮುಂದಿಂದ ನೋಡ್ತಿದ್ದೆ. ಜಯ ಬಾಗಿಲ ಸಂದೀಲಿ ಸೆರಗು ಬಾಯಿಗೆ ತುರುಕ್ಕೊಂಡು ನಿಂತಿದ್ಲು. ಒಂದು ಮಾತಾಡಲಿಲ್ಲ. ಹೆತ್ತ ಕರುಳು, ದುಃಖಕ್ಕೆ ಮಾತು ಬರ್ತಿಲ್ಲ ಅಂದ್ಕೊಂಡೆ.

ಮಾರ್ಲಾಮಿ ಅಮಾಸೆ ಬಂತು. ನಮ್ಮ ಕಡೆ ಅವತ್ತು ಸತ್ತೋರಿಗೆ ಎಡೆ ಇಡ್ತೀವಿ. ಅವರು ಇದ್ದಾಗ ಏನೇನು ಇಷ್ಟಪಡ್ತಿದ್ರೋ ಅದನ್ನೆಲ್ಲ ಎಲೆಗೆ ಬಡ್ಸಿ, ಧೂಪ ಹಾಕಿ, ಬಾಗಿಲು ಮುಂದಕ್ಕೆ ಎಳ್ಕೊಂಡು ಆಚೆ ನಿಲ್ಲೋದು. ಅವರು ಬಂದು ಉಂಡು ಹೋಗ್ತಾರೆ. ಎಲೆ ಇಲ್ದೋರು ಹೊಸ್ಲಲ್ಲೇ ನಿಂತು ಹಸ್ಕೊಂಡು ವಾಪಸ್ ಹೋಗ್ತಾರೆ ಅಂತ ನಮ್ಮ ನಂಬಿಕೆ. ನಟರಾಜು ಮುಂಚೆನೇ ಕಡ್ಡಿ ಮುರಿದಂಗೆ ಹೇಳಿದ್ದ: "ನಮ್ಮಪ್ಪಂಗೆ ಒಂದು, ನಮ್ಮವ್ವಂಗೆ ಒಂದು. ಮನೆ ಮಾನ ಕಳ್ದೋಳಿಗೆ ಈ ಮನೇಲಿ ಎಲೆ ಇಲ್ಲ."

ಅಮಾಸೆ ಭಾನುವಾರ ಬಿದ್ದಿತ್ತು. ಶನಿವಾರ ಸ್ಕೂಲು ಅರ್ಧ ದಿನ. ಪಾತ್ರೆ ತೊಳೀತಾ ಜಯ ಅಂದ್ಲು, "ಪ್ರೇಮಕ್ಕ, ಮೈಸೂರಿಗೆ ಹೋಗ್ಬರಾನ ಬಾ. ಅವ್ಳು ಆಸೆಪಟ್ಟು ತಿಂದಿದ್ದನ್ನ ತರ್ಬೇಕು."

"ತಲೆ ಕೆಟ್ಟದಾ ನಿಂಗೆ? ಎಲೆನೇ ಇಲ್ಲ ಅಂದವ್ನೆ ನಿನ್ ಗಂಡ. ತಂದು ಎಲ್ಲಿಡ್ತೀಯ, ನನ್ ತಲೆ ಮೇಲಾ?"

"ಎಲೆ ಹಾಕ್ತೀನಿ ಕಣಕ್ಕ. ಎಂಗೆ ಅಂತ ನಂಗೆ ಗೊತ್ತಿಲ್ಲ. ಹಾಕ್ತೀನಿ. ನನ್ ಮಗ ಹೊಸ್ಲಲ್ಲಿ ನಿಂತ್ಕೋಬಾರ್ದು."

ಮಗಳನ್ನ ಮಗ ಅಂತಾನೇ ಕರೆಯೋಳು. ನನ್ನ ಕೈಲಿ ಆಗಲ್ಲ ಅನ್ನೋಕಾಗ್ಲಿಲ್ಲ. ನಟರಾಜುಗೆ ಹೊಗೆಸೊಪ್ಪು ಬೇಯಿಸೋ ಕಾಲ, ಸೊಪ್ಪು ಒಣಗಿಸೋ ಬ್ಯಾರನ್ ಒಲೆ ಮುಂದಿಂದ ಏಳೋ ಹಂಗಿರಲಿಲ್ಲ. ಕಣ್ಣಾಸ್ಪತ್ರೆಗೆ ಅಂತ ಸುಳ್ಳು ಹೇಳಿ, ಫ್ರೀ ಬಸ್ಸಿಗೆ ಆಧಾರ್ ಕಾರ್ಡ್ ಕುಪ್ಪುಸದೊಳಗೆ ಇಟ್ಕೊಂಡು ಹೊರಟ್ವಿ. ಹುಣಸೂರಲ್ಲಿ ಬಸ್ ಬದಲಾಯ್ಸಿದ್ವಿ. ಬಿಳಿಕೆರೆ ಬಂದಾಗ ಕಣ್ಣು ಮುಚ್ಕೋತಾಳೆ ಅಂದ್ಕೊಂಡಿದ್ದೆ ನಾನು. ಇಲ್ಲ. ಕಿಟಕಿಗೆ ಹಣೆ ಒತ್ಕೊಂಡು ರಸ್ತೇನೇ ನೋಡಿದ್ಲು. "ಯಾವ ಜಾಗ ಕಣಕ್ಕ?" ಅಂದ್ಲು. ನಂಗೇನು ಗೊತ್ತು? ಸುಮ್ನೆ ಕೂತ್ಕೊಳೇ ಅಂತ ಗದರಿಸ್ದೆ. ಗದರಿಸದಿದ್ರೆ ನಾನೇ ಅಳ್ತಿದ್ದೆ.

ಮಾಲಲ್ಲಿ ಕೇಳ್ಕೊಂಡು ಕೇಳ್ಕೊಂಡು ಆ ಅಂಗಡಿ ಸೇರಿದ್ವಿ. ಹೈಕಳೆಲ್ಲ ಗೋಡೆ ಮೇಲಿನ ಟೀವಿ ಒತ್ತಿ ಒತ್ತಿ ಊಟ ಹೇಳ್ತಿದ್ರು. ನಮಗೆ ಅದೆಲ್ಲಿ ಬರಬೇಕು? ಕೌಂಟರಿನ ಹುಡುಗಿ ಹತ್ರ ಹೋದ್ವಿ. ಜಯ ಪಾಠ ಒಪ್ಪಿಸೋ ಮಗು ಥರ ಹೇಳಿದ್ಲು: ಮೇಲೆ ಎಳ್ಳು, ಒಳಗೆ ಕೋಳಿ ವಡೆ, ಬಿಳೀ ಗೊಜ್ಜು, ಕಚ್ಚಿದ್ರೆ ಎರಡೂ ಕಡೆ ಸುರೀಬೇಕು.

"ಅಂಥದ್ದು ಎರಡು ಥರ ಇದೆ ಅಮ್ಮ. ಯಾವುದು ಕೊಡ್ಲಿ?"

"ಎಡೆಗೆ ಕಣವ್ವ. ಸರಿಯಾದ್ದೇ ಆಗ್ಬೇಕು."

ಆ ಹುಡುಗಿ ನಮ್ಮ ಪಕ್ಕದ ಕೋಟೆ ತಾಲ್ಲೂಕಿನೋಳಂತೆ, ಎಡೆ ಅಂದ್ರೆ ಗೊತ್ತಿತ್ತು. ನಗಲಿಲ್ಲ. "ಯಾರಿಗಮ್ಮ ಎಡೆ?" ಅಂತ ಮೆತ್ತಗೆ ಕೇಳಿದ್ಲು. ಮಗಳಿಗೆ ಅಂತ ಗೊತ್ತಾದ ಮೇಲೆ, "ಎರಡನ್ನೂ ತಿಂದು ನೋಡಿ. ಯಾವುದು ಅಂತ ಗೊತ್ತಾದ ಮೇಲೆ ಹೊಸದು ಕಟ್ಟಿಕೊಡ್ತೀನಿ, ಎಂಜಲಾಗಲ್ಲ" ಅಂದ್ಲು. ಹೆತ್ತೋರ ಪುಣ್ಯ, ಅಂಥ ಮಕ್ಕಳೂ ಅವ್ರೆ.

ಮೂಲೆ ಟೇಬಲ್ಲಲ್ಲಿ ಕೂತ್ವಿ. ನಾನು ಕಚ್ಚಿದೆ. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಜಯ ತನ್ನದನ್ನ ಒಂದು ತುತ್ತು ಕಚ್ಚಿ ಅಗಿದ್ಲು. ಬಿಳೀ ಗೊಜ್ಜು ಎರಡೂ ಕಡೆಯಿಂದ ಸುರೀತು. ಅದನ್ನೇ ನೋಡ್ತಾ ಕೂತ್ಬಿಟ್ಲು.

"ಇಷ್ಟೇನಾ ಕಣಕ್ಕ?" ಅಂದ್ಲು. "ಬನ್ನು, ವಡೆ. ಇದಕ್ಕಾ?"

"ಏನಮ್ಮಿ ಇದಕ್ಕಾ ಅಂದ್ರೆ?"

"ನಾನೇ ಅವ್ಳಿಗೆ ಇದನ್ನ ತತ್ತಾ ಅಂದಿದ್ದು."

ಮಗು ಹೋದ ಆ ದಿನ, ಜಯಂಗೆ ಜ್ವರ ಬಂದು ಆಗಷ್ಟೇ ಬಿಟ್ಟಿತ್ತಂತೆ. ಬಾಯಿ ಕೆಟ್ಟು ಅನ್ನ ಕಂಡ್ರೆ ವಾಕರಿಕೆ. ಬೆಳಗ್ಗೆ ಮಗಳು ತಲೆ ಬಾಚ್ಕೋತಾ, "ಏನ್ ತಿಂತೀಯ ಹೇಳವ್ವ, ತತ್ತೀನಿ" ಅಂದ್ಲಂತೆ. ಇವಳು, "ಅದೇನೋ ಬರ್ಗರ್ ಅಂದ್ಯಲ್ಲ, ಅದಾದ್ರೆ ತಿನ್ನಬೋದೇನೋ" ಅಂದ್ಲಂತೆ. ಹುಟ್ಟಿದಾಗಿಂದ ಅವ್ವ ಬಾಯ್ಬಿಟ್ಟು ಇದು ಬೇಕು ಅಂದಿದ್ದು ಅದೇ ಮೊದಲು. ಹುಡುಗಿ ಕುಣ್ಕೊಂಡು ಹೋದ್ಲು. ಮಧ್ಯಾಹ್ನ ಫೋನ್ ಬೇರೆ ಮಾಡಿದ್ಲಂತೆ. ಬಸ್ಸಲ್ಲಿ ಮೈಸೂರಿಗೆ ಹೋಗ್ಬಂದ್ರೆ ಸಾಯಂಕಾಲ ಊರ ಬಸ್ ತಪ್ತದೆ, ಯತೀಶನ ಬೈಕಲ್ಲಿ ಹೋಗ್ಬತ್ತೀನಿ ಅಂತ. ಇವಳು ಉಷಾರು ಕಣವ್ವ ಅಂದ್ಲಂತೆ. ಅಷ್ಟೇ ನಡೆದಿದ್ದು. ಬ್ಯಾಗಲ್ಲಿ ಇದ್ದ ಪೊಟ್ಟಣ ಅವ್ವಂಗೆ ಅಂತ ತರ್ತಿದ್ದದ್ದು.

ನಂಗೆ ಎಲ್ಲಿತ್ತೋ ಸಿಟ್ಟು. "ಥೂ ನಿನ್ನ! ಊರೆಲ್ಲ ಆ ಮಗೀನ ಹೆಸರು ಕೆಡಿಸ್ತಿದ್ರೆ ಬಾಯಿ ಹೊಲ್ಕೊಂಡು ಕೂತಿದ್ಯಲ್ಲೇ! ಆ ಹುಡುಗ ಬಾಗಿಲಿಗೆ ಬಂದಾಗಲಾದ್ರೂ ಹೇಳ್ಬಾರ್ದಿತ್ತಾ?" ಅಂತ ಕಿರುಚಿದೆ. ಪಕ್ಕದ ಟೇಬಲ್ಲಿನ ಹೈಕಳು ತಿರುಗಿ ನೋಡುದ್ವು. ನೋಡ್ಲಿ.

"ಹೇಳಿದ್ರೆ ಅವ್ರು ನನ್ನ ಮನೇಲಿ ಇಟ್ಕೋತಾರಾ ಅಕ್ಕ? ಮಗಳು ಹೋದ್ಲು. ಗಂಡನೂ ಬುಟ್ರೆ ನಾನೆಲ್ಲಿಗೆ ಹೋಗ್ಲಿ?"

ಅವಳ ಮಾತೂ ಸುಳ್ಳಲ್ಲ, ನಟರಾಜುನ ನಾನು ಕಾಣದೋಳಾ? ಮಗಳಿಗೆ ಎಲೆ ಬೇಕು ಅಂದ್ರೆ ಇವಳು ಬಾಯಿ ಬಿಡಬೇಕು, ಬಿಟ್ರೆ ಇವಳ ಗತಿ ದೇವರೇ ಬಲ್ಲ. ಜಯ ಕೈಲಿದ್ದದ್ದನ್ನ ಒಂದು ಚೂರೂ ಬಿಡದಂಗೆ ತಿಂದ್ಲು. ತಿಂತಾ ಅಳೋಳು, ಅಳ್ತಾ ತಿನ್ನೋಳು. ಕೊನೆಗೆ ಎದ್ದೋಗಿ ಆ ಹುಡುಗಿಗೆ, "ಇದೇ ಕಣವ್ವ, ಒಂದು ಕಟ್ಕೊಡು" ಅಂದ್ಲು.

ಪೊಟ್ಟಣ ರಾತ್ರಿ ನಮ್ಮನೆ ಫ್ರಿಜ್ಜಲ್ಲಿತ್ತು. ಭಾನುವಾರ ದೀಪ ಹಚ್ಚೋ ಹೊತ್ತಿಗೆ ಸೆರಗಲ್ಲಿ ಮುಚ್ಕೊಂಡು ಅವರ ಮನೆಗೆ ಹೋದೆ. ನಡುಮನೇಲಿ ಕಳಸ ಇಟ್ಟು, ಪಂಚೆ ಸೀರೆ ಇಟ್ಟು, ಎರಡು ಎಲೆ ಹಾಕಿದ್ರು. ಮಾವನ ಎಲೆಗೆ ಬಾಡು, ಕಜ್ಜಾಯ, ಬೀಡಿ, ಬ್ರಾಂದಿ. ಅತ್ತೆ ಎಲೆಗೆ ಸಿಹಿ, ಕಡ್ಡಿಪುಡಿ. ನಟರಾಜು ತಮ್ಮ, ತಮ್ಮನ ಹೆಂಡ್ತಿ ಮಕ್ಕಳು ಎಲ್ಲಾ ಸೇರಿದ್ರು. ಜಯ ಬಂದು ನನ್ನ ಕೈಯಿಂದ ಪೊಟ್ಟಣ ಇಸ್ಕೊಂಡು, ಮೂರನೇ ಎಲೆ ಹಾಸಿ, ಮಗಳ ಹಸಿರು ಚೂಡಿದಾರ ಮಡಚಿಟ್ಟು, ಬರ್ಗರನ್ನ ಎಲೆ ನಡುವೆ ಇಟ್ಲು.

"ತೆಗಿಯೇ ಅದ" ಅಂದ ನಟರಾಜು.

"ತೆಗಿಯಲ್ಲ. ಅವ್ಳು ಯಾವನ ಹಿಂದೆನೂ ಹೋಗಿರ್ಲಿಲ್ಲ. ನನಗೆ ಬಾಯಿ ಕೆಟ್ಟಿತ್ತು. ನಾನು ಕೇಳ್ದೆ, ತರಕ್ಕೋದ್ಲು. ಬೈಕಲ್ಲಿ ಹೋಗ್ತೀನಿ ಅಂತ ಫೋನ್ ಮಾಡಿ ನನ್ನೇ ಕೇಳಿದ್ಲು. ಆ ಹುಡುಗ ಬಂದಿದ್ದೂ ಇದನ್ನ ಹೇಳಕ್ಕೇ ಇರ್ಬೇಕು. ನನ್ ಮಗ ಚಿನ್ನ. ತಪ್ಪೆಲ್ಲ ನಂದು."

ನಟರಾಜು ಅವಳ ಮುಖಾನೇ ನೋಡ್ದ. ಹೊಡೀತಾನೆ ಅಂತ ನಾನು ಒಂದು ಹೆಜ್ಜೆ ಮುಂದಿಟ್ಟೆ. ಹೊಡೀಲಿಲ್ಲ. ಹೋಗಿ ಗೋಡೆ ಕಡೆಗಿದ್ದ ಫೋಟೊ ತಂದು ಮೂರನೇ ಎಲೆ ಮುಂದೆ ಇಟ್ಟು, ಮಂಡಿಯೂರಿ, "ತಪ್ಪಾಯ್ತು ಕಣವ್ವ" ಅಂತ ಹಣೆ ನೆಲಕ್ಕೆ ಚಚ್ಕೊಂಡ. ಗಂಡಸು ಅಂಗೆ ಅತ್ತಿದ್ದು ನಾನು ಕಂಡಿಲ್ಲ. ಧೂಪ ಹಾಕ್ದ. ಎಲ್ಲಾರೂ ಆಚೆ ಬಂದ್ವಿ, ಬಾಗಿಲು ಎಳ್ಕೊಂಡ್ವಿ. ಜಯ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ಲು.

ಬಾಗಿಲು ತೆಗೆದ ಮೇಲೆ ಎಡೆ ಎತ್ತಿ ಎಲ್ಲಾರಿಗೂ ಹಂಚಬೇಕು. ನಟರಾಜು ಆ ಬರ್ಗರ್ ಮುರಿದು ತಮ್ಮನಿಗೆ ಕೊಟ್ಟ, ಮಕ್ಕಳಿಗೆ ಕೊಟ್ಟ, ನಂಗೂ ಕೊಟ್ಟ. ಕೊನೇಲಿ ಜಯ ಎರಡೂ ಕೈ ಒಡ್ಡಿ ನಿಂತಿದ್ಲು. ಅವನು ಅವಳ ಮುಂದೆ ಬಂದು ನಿಂತ.

"ಮಗಳ್ನೇ ತಿಂದಿದ್ದೀಯ," ಅಂದ. "ಇನ್ನೇನು ಬೇಕು ನಿಂಗೆ?"

"ಲೋ ನಟರಾಜು, ನಾಲಿಗೆ ಬಿಗಿ ಹಿಡಿ!" ಅಂತ ನಾನು ನುಗ್ಗಿದೆ. ಜಯ ನನ್ನ ಮಣಿಕಟ್ಟು ಹಿಡ್ಕೊಂಡ್ಲು. "ಬುಡು ಅಕ್ಕ," ಅಂದ್ಲು. "ಮಗೀಗೆ ಎಲೆ ಸಿಕ್ತಲ್ಲ."

ಈಗ ನಟರಾಜು ಮಗಳ ಫೋಟೊಗೆ ದಿನಾ ಹೂವ ಮುಡಿಸ್ತಾನೆ. ಹೆಂಡ್ತಿ ಮಾಡಿದ ಅಡುಗೆ ಮುಟ್ಟಲ್ಲ. ತಮ್ಮನ ಮನೇಲಿ ಉಣ್ತಾನೆ.