ಚೌಡಯ್ಯ ಕೆತ್ತಿದ ಮುನ್ನೂರು ವರ್ಷದ ಕಲ್ಲು

ನನ್ನ ತಮ್ಮ ಚೌಡಯ್ಯ ಮಧುಗಿರಿ ಕಡೆಯ ಪುರವರ ಊರಿನ ಕಲ್ಲುಕುಟಿಗ. ಹನ್ನೊಂದು ವರ್ಷದ ಹಿಂದೆ ಕರಾವಳಿಯ ಒಂದು ಹಳೆ ಬಂದರಿಗೆ ಹೋಗಿ, ಬಿಳಿಯರು ಕಟ್ಟಿಸಿದ್ದ ಹಡಗುಕಟ್ಟೆ ಕುಸಿದಿದ್ದನ್ನು ಸರ್ಕಾರದ ಲೆಕ್ಕದಲ್ಲಿ ನಾಲ್ಕು ತಿಂಗಳು ಕೂತು ಸರಿಮಾಡಿ ಬಂದಿದ್ದ. ಕಲ್ಲೂ ನಮ್ಮ ಕಡೆಯದೇ, ಲಾರಿಯಲ್ಲಿ ಹೋದದ್ದು.

ಈಗ ಅವನಿಗೆ ಅರವತ್ತೆರಡು. ಕೈ ನಡುಗುತ್ತದೆ, ಉಳಿ ನಿಲ್ಲುವುದಿಲ್ಲ. ಪಿಂಚಣಿ ಬೇಕಾದರೆ ಸರ್ಕಾರಿ ಕೆಲಸ ಮಾಡಿದ್ದಕ್ಕೆ ಕಾಗದ ತರಬೇಕೆಂದು ಮಧುಗಿರಿ ಕಚೇರಿಯಲ್ಲಿ ಹೇಳಿದರು. ಅದಕ್ಕಾಗಿ ಇಬ್ಬರೂ ಬಂದರಿನ ಬಸ್ಸು ಹತ್ತಿದೆವು.

ಅಲ್ಲಿ ಈಗ ‘ಪರಿಸರ ಪ್ರವಾಸ’ ಎಂದು ಹಸಿರು ಬೋರ್ಡು. ಅದರ ಕೆಳಗೇ ಒಂದು ಡೀಸೆಲ್ ದೋಣಿ; ಹಕ್ಕಿ ತೋರಿಸಲು ಹೋಗಿ, ಹೊಗೆ ಬಿಟ್ಟು ಹಕ್ಕಿಯನ್ನೇ ಓಡಿಸುತ್ತದೆ. ಕಟ್ಟೆಯ ಮೇಲೆ ಗೈಡು ಒಂದು ಚಪ್ಪಡಿ ತೋರಿಸುತ್ತಿದ್ದ.

"ಮುನ್ನೂರು ವರ್ಷದ ಹಿಂದೆ ಬಿಳಿ ಕಪ್ತಾನ ಕೆತ್ತಿದ ಹಾಯಿಯ ಚಿತ್ರ. ಗೆರೆಗಳೆಲ್ಲ ಗಾಳಿಯ ದಿಕ್ಕು."

ನೋಡಿದರೆ ಹುಲಿ-ಕುರಿ ಆಟದ ಮನೆ. ಊಟದ ಹೊತ್ತಿನಲ್ಲಿ ಆಡಲೆಂದು ಚೌಡಯ್ಯನೇ ಕೆತ್ತಿದ್ದು.

"ಅಕ್ಕ, ನಾನು ಕಪ್ತಾನ ಆಗ್ಬುಟ್ನಲ್ಲ!" ಎಂದ.

ಕಚೇರಿಗೆ ಹೋಗಿ ಕಾಗದ ಕೇಳಿದರೆ ಬಂದರಿನ ಸಾಹೇಬರು ಆಗುವುದಿಲ್ಲವೆಂದು ತಲೆಯಾಡಿಸಿದರು. "ಇಲ್ಲಿ ಹೊಸ ಕಲ್ಲೇ ಇಲ್ಲ ಅಂತ ನಾವೇ ಬೋರ್ಡು ಹಾಕಿದ್ದೇವೆ. ನೀವು ಕಟ್ಟಿದ್ದು ಅಂತ ಹೇಗೆ ಬರೆದುಕೊಡ್ಲಿ ಮಾರಾಯ್ರೆ?"

"ಅಂಗಾದ್ರೆ ನಾನೇನ್ ಮಾಡ್ಲಿ ಸ್ವಾಮಿ?"

"ಬಂದಿದ್ದೀರಲ್ಲ, ಕಟ್ಟೆ ಮೇಲೆ ಕೂತು ಗಾಳಿ ತಗೊಳ್ಳಿ."

ಚೌಡಯ್ಯ ಹಾಗೇ ಮಾಡಿದ. ಚಪ್ಪಡಿಯ ಪಕ್ಕ ಕೂತು, ದಂಡೆಯ ಮೂರು ಬಿಳಿಕಲ್ಲು ಹುಲಿ, ನನ್ನ ಚೀಲದ ಹದಿನೈದು ಅಡಿಕೆಹೋಳು ಕುರಿ ಎಂದು ಇಟ್ಟುಕೊಂಡ.

"ಬನ್ರಪ್ಪೋ, ಕಪ್ತಾನನ್ ಜೊತೆ ಆಡ್ಬನ್ನಿ! ಈ ಗೆರೆ ಕೆತ್ತಿದೋನು ನಾನೇ ಕಣ್ರಪ್ಪ!"

ಜನ ಮುತ್ತಿದರು. "ಅಯ್ಯೋ, ನಮ್ಮಜ್ಜಿ ಮನೆ ಜಗುಲೀಲೂ ಐತೆ ಇದು!" ಎಂದಳು ಒಬ್ಬಾಕೆ. ಗೈಡಿನ ಬಳಿ ಅವನ ಛತ್ರಿಯೊಂದೇ ಉಳಿಯಿತು. ಐದನೇ ಕುರಿ ಸಾಯುವ ಮೊದಲೇ ಸಾಹೇಬರು ಓಡಿಬಂದು ಕಾಗದ ಕೊಟ್ಟು, ಮೊದಲು ಹೊರಡಿ ಎಂದು ಕೈಮುಗಿದರು. ಕಲ್ಲಿನ ಕೆಲಸ ಮಾಡಿದ್ದಾನೆ ಎಂದು ಬರೆದಿದ್ದರು. ಯಾವ ವರ್ಷ ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಮಧುಗಿರಿ ಕಚೇರಿಯ ಗುಮಾಸ್ತ ಭೀಮರಾಜು ಅದನ್ನೇ ಹಿಡಿದ. "ಯಾವ್ ವರ್ಸದ್ ಕೆಲ್ಸ ಕಣಯ್ಯ ಇದು?"

"ಅಲ್ಲಿ ಮುನ್ನೂರು ವರ್ಸದ್ದು ಅಂತಾವ್ರೆ. ಅಂಗೇ ಬರ್ಕೊಳಿ. ಪಿಂಚಣಿಗೆ ವಯಸ್ಸು ಸಾಲಾಕಿಲ್ವಾ?"

ಭೀಮರಾಜು ನಗಲಿಲ್ಲ. ಕಾಗದಕ್ಕೆ ಮೊಹರು ಒತ್ತಿ, ಫೈಲಿಗೆ ಸೇರಿಸಿ ಹೇಳಿದ:

"ಸಾಲ್ತದೆ. ಆದ್ರೆ ಇನ್ನೂ ಬದುಕಿದೀನಿ ಅಂತ ಒಂದು ಸರ್ಟಿಫಿಕೇಟ್ ತಗೊಂಬಾ."