ಹನ್ನೆರಡು ಪುಟಗಳಲ್ಲಿ ಒಂದೇ ಬೆಲ್ಲ

ಮನುಷ್ಯನ ಅರ್ಧ ದುಃಖಕ್ಕೆ ಕಾರಣ, ಒಮ್ಮೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಅವನ ಚಪಲ. ಬಹಳ ಯೋಚಿಸಿ ಈ ವಾಕ್ಯ ಬರೆದೆ. ಬರೆದಾದ ಮೇಲೆ ಅನುಮಾನ ಬಂದು ಹಳೆಯ ನೋಟ್‌ಬುಕ್ಕುಗಳನ್ನು ತಿರುವಿದರೆ, ಇದನ್ನೇ ಹಿಂದೆ ಎರಡು ಸಲ, ಅಷ್ಟೇ ಗಂಭೀರವಾಗಿ ಬರೆದಿಟ್ಟಿದ್ದೇನೆ.

ಇಂಥವನು ನಕಲಿನ ಅಪರಾಧದಲ್ಲಿ ಸಿಕ್ಕಿಬಿದ್ದದ್ದು ಆಶ್ಚರ್ಯವಲ್ಲ. ಹಿಡಿದದ್ದು ಒಂದು ಯಂತ್ರ ಎಂಬುದೇ ಆಶ್ಚರ್ಯ. ಸಿಕ್ಕಿಬಿದ್ದವನಾದರೂ ಯಾರು? ಪಾಂಡವಪುರದ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡುತ್ತ, ಮಕ್ಕಳ ಅಂಗಿಯ ತೋಳಿನಿಂದ, ಜಾಮಿಟ್ರಿ ಪೆಟ್ಟಿಗೆಯಿಂದ, ಒಮ್ಮೆ ಒಬ್ಬನ ಚಪ್ಪಲಿಯ ಅಟ್ಟೆಯೊಳಗಿಂದ ಚೀಟಿ ಎಳೆದು ತೆಗೆದು ಹೆಸರು ಮಾಡಿದವನು.

ಸವಿತಾ ಹಾಸ್ಟೆಲಿನಲ್ಲಿದ್ದು ಓದಿದ ನನ್ನ ಹಳೆಯ ಶಿಷ್ಯೆ. ಪಾಂಡವಪುರದ ಹತ್ತಿರವೇ ಆಲೆಮನೆ ಇರುವ ಒಕ್ಕಲು ಮನೆಗೆ ಸೊಸೆಯಾಗಿ ಹೋದಳು. ಅಲ್ಲಿ ಸುಮ್ಮನೆ ಕೂರದೆ ಅಂತರ್ಜಾಲದಲ್ಲಿ ಬೆಲ್ಲದ ಅಂಗಡಿ ತೆರೆದಳು. ತಮ್ಮ ಮನೆಯ ಅಚ್ಚು ಬೆಲ್ಲ, ಕೆ.ಆರ್. ಪೇಟೆ ಕಡೆಯ ತವರಿನ ಉಂಡೆ ಬೆಲ್ಲ, ಗಂಜಾಂ ಆಚೆಯ ಪರಿಚಯದವರ ಜೋನಿ ಬೆಲ್ಲ, ನಾಗಮಂಗಲಕ್ಕೆ ಕೊಟ್ಟ ನಾದಿನಿಯ ಮನೆಯ ಪುಡಿ ಬೆಲ್ಲ. ಹೀಗೆ ನಾಲ್ಕು ತಾಲ್ಲೂಕಿನ ನಾಲ್ಕು ಬೆಲ್ಲ, ಒಂದೊಂದೂ ಅರ್ಧ ಕೆಜಿ, ಒಂದು ಕೆಜಿ, ಐದು ಕೆಜಿಯ ಪೊಟ್ಟಣ. ಪೊಟ್ಟಣಕ್ಕೊಂದರಂತೆ ಅಂಗಡಿಯಲ್ಲಿ ಒಟ್ಟು ಹನ್ನೆರಡು ಪುಟ. ಪ್ರತಿ ಪುಟಕ್ಕೂ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ನನ್ನನ್ನು ಕೇಳಿದಳು.

ಈಗ ನನ್ನ ಮನೆತನದ ವಿಷಯ ಸ್ವಲ್ಪ ಹೇಳಬೇಕು. ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯವರು ನಾವು. ತಂದೆ ಸಂಕಲ್ಪ ಮಾಡಿಸುವುದನ್ನು ಕೇಳುತ್ತಲೇ ಬೆಳೆದವನು ನಾನು. ಸಂಕಲ್ಪದ ಸೊಗಸು ಇರುವುದೇ ಅದರ ಮಿತವ್ಯಯದಲ್ಲಿ. ದೇಶ, ಕಾಲ, ಹಾರೈಕೆ ಎಲ್ಲವೂ ಎಲ್ಲರಿಗೂ ಒಂದೇ. ಭಕ್ತ ಬದಲಾದಾಗ ಗೋತ್ರ, ನಕ್ಷತ್ರ, ಹೆಸರು ಮಾತ್ರ ಬದಲು. ಸಾವಿರ ಜನರಿಗೆ ಹೇಳಿದ್ದನ್ನೇ ಹೇಳಿದ್ದಕ್ಕೆ ರಂಗನಾಥ ಎಂದೂ ಆಕ್ಷೇಪಿಸಿದವನಲ್ಲ. ಅದೇ ಸಂಸ್ಕಾರದಿಂದ ನಾನು ಒಂದೇ ಒಂದು ವರ್ಣನೆ ಬರೆದೆ: ‘ಕಾವೇರಿ ಮಾತೆಯ ಅಮೃತಧಾರೆಯಲ್ಲಿ ಮಿಂದು ಬೆಳೆದ ರಸಭರಿತ ಕಬ್ಬಿನಿಂದ, ಪರಂಪರಾಗತ ವಿಧಾನದಲ್ಲಿ ತಯಾರಾದ...’ ಮುಂದೆ ಒಂದು ಖಾಲಿ ಜಾಗ. ಅದರಲ್ಲಿ ಊರಿನ ಹೆಸರು, ಬೆಲ್ಲದ ಹೆಸರು, ತೂಕ. ಹನ್ನೆರಡು ಪುಟ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ನನ್ನ ದಕ್ಷತೆಗೆ ನಾನೇ ಬೆರಗಾಗಿ ಮಲಗಿ ನಿದ್ದೆ ಹೋದೆ.

ದೀಪಾವಳಿ ಕಳೆದ ಮೇಲೆ ಸವಿತಾ ಒಂದು ಕಾಗದದ ಕಟ್ಟು ಹಿಡಿದು ನಮ್ಮ ಮನೆಗೆ ಬಂದಳು. ಜಗಲಿಯ ಮೇಲೆ ಕೂತು ಒಂದು ಲೋಟ ನೀರು ಕುಡಿದಳು.

“ಮೇಷ್ಟ್ರೆ, ಬೈಬ್ಯಾಡಿ. ನೀವ್ ಬರ್ಕೊಟ್ಟಿದ್ರಿಂದ್ಲೇ ಎಡವಟ್ಟಾಗ್ಬುಟ್ಟದೆ.”

“ಕಾಗುಣಿತ ತಪ್ಪಿತೇನು?”

“ಕಾಗುಣಿತ ಸರ್ಯಾಗೇ ಅದೆ. ಅನ್ನೆರಡು ಪುಟದಲ್ಲೂ ಒಂದೇ ತರ ಸರ್ಯಾಗದೆ. ಅದೇ ತೊಂದ್ರೆ.”

ಜನ ಬೆಲ್ಲ ಬೇಕೆಂದು ಹುಡುಕಿದಾಗ ಯಾವ ಅಂಗಡಿ ಮೊದಲು ಕಾಣಬೇಕೆಂದು ತೀರ್ಮಾನಿಸುವ ಯಂತ್ರವೊಂದಿದೆಯಷ್ಟೆ. ಅದು ಇವಳ ಹನ್ನೆರಡು ಪುಟಗಳನ್ನೂ ಓದಿ, ಇವೆಲ್ಲ ಒಂದೇ, ಯಾವುದನ್ನು ತೋರಿಸಲಿ ಎಂದು ತಿಳಿಯದೆ ಎಲ್ಲವನ್ನೂ ಹಿಂದಕ್ಕೆ ತಳ್ಳಿಬಿಟ್ಟಿತ್ತು. ಎಷ್ಟು ಹಿಂದಕ್ಕೆಂದರೆ, ಅಲ್ಲಿಯವರೆಗೆ ಹುಡುಕುತ್ತ ಹೋಗುವ ವ್ಯವಧಾನ ಇರುವವನು ಆಲೆಮನೆಗೇ ನಡೆದು ಬರಬಹುದು. ನನಗೆ ಇದು ಅನ್ಯಾಯವೆನಿಸಿತು. ಸವಿತಾಗೆ ಅನಿಸಿದಂತೆ ಕಾಣಲಿಲ್ಲ.

“ನಮ್ ಕ್ಲಾಸಲ್ಲಿ ನೀವೇನ್ ಮಾಡ್ತಿದ್ರಿ? ಇಬ್ರ ಉತ್ರ ಒಂದೇ ತರ ಇದ್ರೆ ಇಬ್ರಿಗೂ ಸೊನ್ನೆ. ಅದೂ ಅಂಗೇ ಮಾಡ್ಬುಟ್ಟದೆ, ಮೇಷ್ಟ್ರೆ.”

ನಿವೃತ್ತ ಮೇಷ್ಟರನ್ನು ಹೊಡೆಯಲು ಅವನದೇ ಬೆತ್ತ ಸಾಕು.

ವಿಷಯ ಇಷ್ಟೇ ಆಗಿದ್ದರೆ ನಕ್ಕು ಕಾಫಿ ಕುಡಿಯಬಹುದಿತ್ತು. ಆದರೆ ಸವಿತಾಳ ಅತ್ತೆ ಪುಟ್ಟತಾಯಮ್ಮ ಗಡುವು ಕೊಟ್ಟಿದ್ದರು. ಅಂಗಡಿ ನಡೆಯುತ್ತಿದ್ದ ಕೋಣೆ ಮೊದಲು ಹಸುಗಳ ಬೂಸಾ ಮೂಟೆ ಇಡುತ್ತಿದ್ದ ಕೋಣೆ. ಸಂಕ್ರಾಂತಿಗೆ ಊರೆಲ್ಲ ಎಳ್ಳು ಬೆಲ್ಲ ಕೊಳ್ಳುತ್ತದೆ. ಆಗಲೂ ಇವಳ ಬೆಲ್ಲ ಯಾರೂ ಕೇಳದಿದ್ದರೆ ಅಂಗಡಿ ಮುಚ್ಚಬೇಕು, ಕೋಣೆ ಬೂಸಾಕ್ಕೆ ವಾಪಸು. ನಾನು ಅವರ ಮನೆಗೆ ಹೋದ ದಿನ ಪುಟ್ಟತಾಯಮ್ಮ ನನ್ನೆದುರಿಗೇ ಅಂದರು: “ನೋಡಿ ಐನೋರೆ, ಬೂಸಾ ಮೂಟೆ ಜಗ್ಲಿ ಮ್ಯಾಲೆ ಮಂಜಿಗೆ ನೆನೀತಾವೆ. ಕಂಪೂಟ್ರು ಒಳ್ಗೆ ಫ್ಯಾನ್ ಆಕ್ಕಂಡು ಕುಂತದೆ. ಆಲ್ ಕೊಡದು ಯಾವ್ದು, ನೀವೇ ಏಳಿ.” ಹಾಲು ಕೊಡುವುದು ಯಾವುದೆಂದು ನನಗೂ ಗೊತ್ತಿತ್ತು. ಸವಿತಾ ನೆಲ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಕೂಡ ಅವಳು ಹಾಗೆ ತಲೆ ತಗ್ಗಿಸಿದ್ದು ನಾನು ಕಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ದೇವಸ್ಥಾನದಲ್ಲಿ ಕೈಮುಗಿದು ನಿಂತಾಗ ಒಂದು ಯೋಚನೆ ಬಂತು. ಭಕ್ತಿಯ ಯೋಚನೆಯಲ್ಲ, ವ್ಯಾಪಾರದ್ದು. ಇದೇ ಕಾವೇರಿಯ ದ್ವೀಪಗಳಲ್ಲಿ ಮೂರು ಕಡೆ ರಂಗನಾಥ ಮಲಗಿದ್ದಾನೆ: ನಮ್ಮಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ಶ್ರೀರಂಗದಲ್ಲಿ ಅಂತ್ಯರಂಗ. ಅದೇ ದೇವರು, ಅದೇ ಹಾಸಿಗೆ, ಅದೇ ನದಿ. ಇವನು ಅವನ ನಕಲು ಎಂದು ಯಾರಾದರೂ ಅಂದದ್ದುಂಟೇ? ಇಲ್ಲ. ಏಕೆಂದರೆ ಮೂರಕ್ಕೂ ಅದರದರದೇ ಸ್ಥಳಪುರಾಣವಿದೆ. ನಾನು ನಾಲ್ಕು ಬೆಲ್ಲಕ್ಕೆ ಒಂದೇ ಸಂಕಲ್ಪ ಹೇಳಿದ್ದೆ; ಬರೆಯಬೇಕಾಗಿದ್ದದ್ದು ನಾಲ್ಕು ಸ್ಥಳಪುರಾಣ. ಪ್ರದಕ್ಷಿಣೆ ಮುಗಿಸುವುದನ್ನೂ ಮರೆತು ಬಸ್ ನಿಲ್ದಾಣಕ್ಕೆ ಓಡಿದೆ. ಓಡಿದೆ ಎಂಬುದು ಉತ್ಪ್ರೇಕ್ಷೆ. ಮೊಣಕಾಲು ಒಪ್ಪಿದಷ್ಟು ಬೇಗ ನಡೆದೆ.

ಮುಂದಿನ ಎರಡು ವಾರ ನಾನು ಅನುಭವಿಸಿದ ಸಂತೋಷವನ್ನು ನೌಕರಿಯಲ್ಲಿ ಎಂದೂ ಅನುಭವಿಸಿರಲಿಲ್ಲ. ಜೇಬಿನಲ್ಲೊಂದು ನೋಟ್‌ಬುಕ್ಕು, ನಾಲಗೆಯ ಮೇಲೆ ಸದಾ ಬೆಲ್ಲ. ಗಂಜಾಂ ಆಚೆ ಕಾಲುವೆ ನೀರಿನ ಕಬ್ಬಿನ ಜೋನಿ ಬೆಲ್ಲ ದೋಸೆಯ ಮೇಲೆ ಹರಿಯುತ್ತ ಅಂಚು ತಲುಪುವಷ್ಟರಲ್ಲಿ ಎಷ್ಟು ನಿಧಾನಿಸುತ್ತದೆ ಎಂದು ಗಡಿಯಾರ ಹಿಡಿದು ನೋಡಿದೆ. ಕೆ.ಆರ್. ಪೇಟೆ ಕಡೆ ಹೇಮಾವತಿಯ ದಡದಲ್ಲಿ, ಹೇಮಗಿರಿಯ ದನಗಳ ಪರಿಷೆಗೆ ಹೋಗುವವರು ಬುತ್ತಿಯ ಜೊತೆ ಕಟ್ಟಿಕೊಳ್ಳಲು ಸುಲಭವೆಂದೇ ಉಂಡೆ ಇಷ್ಟು ಗಾತ್ರ ಎಂದು ಸವಿತಾಳ ತಾಯಿ ಮುಷ್ಟಿ ತೋರಿಸಿದರು. ಆ ಮುಷ್ಟಿಯನ್ನೇ ಬರೆದುಕೊಂಡೆ.

ನಾಗಮಂಗಲದಲ್ಲಿ ಸವಿತಾಳ ನಾದಿನಿಯ ಗಂಡ ನಿಂಗೇಗೌಡರು ಕೊಪ್ಪರಿಗೆಯ ಮುಂದೆ ನಿಂತಿದ್ದರು. ನನ್ನ ಹಳೆಯ ವರ್ಣನೆಯನ್ನು ಅವರಿಗೆ ಓದಿ ಹೇಳಿದೆ. ಅವರು ಕೊನೆಯವರೆಗೂ ವಿನಯದಿಂದ ಕೇಳಿದರು.

“ಸಾಮಿ, ಕಾವೇರಿ ನಮ್ಮೂರ್ಗೆ ಯಾವಾಗ್ ಬಂದಿದ್ಲು? ನಮ್ಗೇಳ್ದೆ ಬಂದು ಓಗ್ಬುಟ್ಲಾ?”

ಅಲ್ಲಿಯ ಕಬ್ಬು ಕುಡಿದದ್ದು ಬೋರಿನ ನೀರು. “ಒಸಿ ಉಪ್ಪು ಒಡೀತದೆ ನಮ್ ಬೆಲ್ಲ. ಅದ್ನ ಮಾತ್ರ ಬರೀಬ್ಯಾಡಿ, ಮಾನ ಓಯ್ತದೆ” ಎಂದರು. ತಿಂದು ನೋಡಿದೆ. ಸಿಹಿಯ ಹಿಂದೆ, ಬಹಳ ಹಿಂದೆ, ಒಂದು ಚೂರು ಉಪ್ಪು. ಜೊತೆಗೆ ಹುರಿದ ಕಡಲೆಕಾಯಿ ಬಾಯಿಗೆ ಹಾಕಿಕೊಂಡಾಗ ನನಗೆ ಕಣ್ಣು ಮುಚ್ಚಿಹೋಯಿತು. ಅವರನ್ನು ಒಪ್ಪಿಸಲು ಒಂದು ಗಂಟೆ ಹಿಡಿಯಿತು. ಉಪ್ಪನ್ನು ಮೊದಲ ಸಾಲಿನಲ್ಲೇ ಬರೆದೆ.

ಕೊನೆಗೆ ಉಳಿದದ್ದು ಪುಟ್ಟತಾಯಮ್ಮನವರ ಆಲೆಮನೆ. ಪಾಕ ಹದಕ್ಕೆ ಬಂತೆಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿದೆ. ಅವರು ಒಂದಿಷ್ಟು ಪಾಕ ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ಬಡಿದರು.

“ಟಪ್ ಅಂತು. ಇನ್ನೂ ಆಗ್ನಿಲ್ಲ. ಟಣ್ ಅನ್ಬೇಕು.” ಆಮೇಲೆ ಸೊಸೆಯ ಕಡೆ ತಿರುಗಿ, “ಇದ್ನೂ ಬರ್ಕತಾರೇನವ್ವ?” ಎಂದರು.

“ಊಂ ಅತ್ತೆ. ನಿಮ್ ಎಸ್ರೂ ಆಕ್ತೀವಿ.”

“ನನ್ನೆಸ್ರು ಯಾಕೆ” ಎಂದವರು, ಸೆರಗು ಸರಿಮಾಡಿಕೊಂಡು ಇನ್ನೊಂದು ಉಂಡೆ ಬಡಿದರು. ಅದು ಟಣ್ ಎಂದಿತು.

ಇನ್ನು ಹನ್ನೆರಡು ಪುಟದ ಲೆಕ್ಕ. ಇದಕ್ಕೂ ದೇವಸ್ಥಾನವೇ ದಾರಿ ತೋರಿಸಿತೆಂದು ನನ್ನ ವಾದ. ಸವಿತಾ ತಾನೇ ಮೊದಲು ಓದಿ ತಿಳಿದದ್ದೆನ್ನುತ್ತಾಳೆ. ಗರ್ಭಗುಡಿಯ ಮೂಲಮೂರ್ತಿ ಒಂದೇ, ಅದು ಅಲುಗುವುದಿಲ್ಲ. ಬೀದಿಗೆ ಬರುವುದು ಉತ್ಸವಮೂರ್ತಿ. ಎಷ್ಟು ಸುತ್ತಿದರೂ ಕೊನೆಗೆ ಮೂಲದ ಬಳಿಗೇ ಮರಳುತ್ತದೆ. ಪ್ರತಿ ಬೆಲ್ಲದ ಅರ್ಧ ಕೆಜಿ, ಒಂದು ಕೆಜಿ, ಐದು ಕೆಜಿ ಎಂಬ ಮೂರು ಪುಟಗಳನ್ನು ಅವಳು ಒಂದಾಗಿಸಿ, ತೂಕವನ್ನು ಅಲ್ಲೇ ಆರಿಸುವಂತೆ ಮಾಡಿದಳು. ಹಳೆಯ ವಿಳಾಸಕ್ಕೆ ಬಂದವರು ತಾವಾಗಿಯೇ ಹೊಸ ಪುಟಕ್ಕೆ ಹೋಗುವಂತೆ ದಾರಿ ತಿರುಗಿಸಿದಳು. ಯಂತ್ರಕ್ಕೆ ಮಾತ್ರ ಕಾಣುವ ಒಂದು ಸಾಲಿನಲ್ಲಿ ‘ಇದೇ ಮೂಲ’ ಎಂದು ಬರೆದಿಟ್ಟಳು. ಎಂಟು ಪುಟ ಹೋಗಿ ನಾಲ್ಕು ಉಳಿದವು. ನನ್ನ ಅಮೃತಧಾರೆ ಒಂದರಲ್ಲೂ ಉಳಿಯಲಿಲ್ಲ. ಅದಕ್ಕೆ ಎರಡು ದಿನ ಸೂತಕ ಆಚರಿಸಿದೆ.

ಆಮೇಲೆ ಕಾಯುವ ಕೆಲಸ. ಧನುರ್ಮಾಸದ ಚಳಿಯಲ್ಲಿ ಹುಗ್ಗಿಯ ಪ್ರಸಾದ ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ; ದಿನಕ್ಕೆ ಹತ್ತು ಸಲ ‘ನಾಟಿ ಬೆಲ್ಲ’ ಎಂದು ಬರೆದು ಹುಡುಕಿದೆ. ಮೊದಲ ವಾರ ಏನೂ ಇಲ್ಲ. ಮೂರನೆಯ ವಾರ ನಾಗಮಂಗಲದ ಉಪ್ಪು ತಲೆಯೆತ್ತಿತು. ಅದರ ಹಿಂದೆಯೇ ಟಣ್ ಎನ್ನುವ ಬೆಲ್ಲ. ನಾನು ಬೀದಿಯಲ್ಲೇ ನಿಂತು ಕೂಗಿಕೊಂಡೆನಂತೆ. ನನ್ನಣ್ಣ ಹೇಳಿದ್ದು, ನನಗೆ ನೆನಪಿಲ್ಲ. ಸವಿತಾಗೆ ಫೋನು ಮಾಡಿದರೆ ಎತ್ತಿದವರು ಪುಟ್ಟತಾಯಮ್ಮ. “ಅವ್ಳು ಪ್ಯಾಕ್ ಮಾಡ್ತಾ ಕುಂತವ್ಳೆ ಐನೋರೆ, ಆಮೇಲ್ ಮಾಡಿ” ಎಂದು ಇಟ್ಟುಬಿಟ್ಟರು.

ಒಂದೇ ಮಾತನ್ನು ಎಲ್ಲರಿಗೂ ಹೇಳಿದರೆ ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ದೇವರಿಗೆ ಮಾತ್ರ ಇದೆ ಎಂದು ನಾನು ಈಗ ತಿಳಿದಿದ್ದೇನೆ. ಉಳಿದವರೆಲ್ಲ, ಯಂತ್ರವೂ ಸೇರಿ, ತಮ್ಮನ್ನು ಒಮ್ಮೆ ಹತ್ತಿರ ಬಂದು ನೋಡಲಿ ಎಂದು ಬಯಸುವವರೇ. ಇದನ್ನು ಹಿಂದೆ ಎಲ್ಲೂ ಬರೆದಿಲ್ಲ; ಹುಡುಕಿ ನೋಡಿದ್ದೇನೆ.

ಸಂಕ್ರಾಂತಿಗೆ ಎರಡು ದಿನ ಮೊದಲೇ ಬೆಲ್ಲ ಮುಗಿಯಿತು. ಬೂಸಾ ಮೂಟೆಗಳು ಈಗಲೂ ಜಗಲಿಯ ಮೇಲೆಯೇ ಇವೆ. ಪುಟ್ಟತಾಯಮ್ಮ ಅವಕ್ಕೆ ಒಂದು ಟಾರ್ಪಾಲು ಹೊದಿಸಿದ್ದಾರೆ.